'ದಿ ಲಾಟರಿ'ಯ ಟೆಸ್ಸಿ: ಚೀಟಿ ಪಕ್ಕದ ಮನೆಯವರಿಗೆ ಬಂದಿದ್ದರೆ ಬಾಯಿ ಬಿಡುತ್ತಿದ್ದಳಾ?

ಪುಸ್ತಕದ ಗೂಡು
ನಮ್ಮ ಓದುಗರ ಬಳಗದಲ್ಲಿ ಈ ತಿಂಗಳು ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ' ಓದಿದೆವು. 1948ರ ಜೂನ್ 26ರ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಂದ ಕತೆ. ಒಂದೇ ಒಂದು ಪ್ರಶ್ನೆಗೆ ಬಳಗ ಎರಡು ಹೋಳಾಯಿತು. ನೀವೆಲ್ಲ ಏನು ಹೇಳುತ್ತೀರಿ ನೋಡೋಣ ಅಂತ ಇಲ್ಲಿ ಹಾಕುತ್ತಿದ್ದೇನೆ. ಕತೆ ಓದದವರು ಮೊದಲು ಓದಿ ಬನ್ನಿ, ಕೊನೆಯನ್ನು ಮುಚ್ಚಿಟ್ಟು ಮಾತಾಡಲು ಆಗುವುದಿಲ್ಲ.

ಓದಿ ಬಹಳ ದಿನವಾದವರಿಗೆ: ಸುಮಾರು ಮುನ್ನೂರು ಜನರ ಹಳ್ಳಿ. ಜೂನ್ 27, ಒಳ್ಳೆಯ ಬಿಸಿಲು. ಹತ್ತು ಗಂಟೆ ಹೊತ್ತಿಗೆ ಎಲ್ಲರೂ ಚೌಕದಲ್ಲಿ ಸೇರುತ್ತಾರೆ. ಕಲ್ಲಿದ್ದಲು ವ್ಯಾಪಾರದ ಸಮ್ಮರ್ಸ್ ಹಳೆಯ ಕಪ್ಪು ಪೆಟ್ಟಿಗೆ ತರುತ್ತಾನೆ. ಮೊದಲು ಮನೆಗೊಂದು ಚೀಟಿ. ಯಾವ ಮನೆಗೆ ಚುಕ್ಕಿಯ ಚೀಟಿ ಬಂತೋ ಆ ಮನೆಯವರು ತಲೆಗೊಂದು ಚೀಟಿ ಎತ್ತಬೇಕು. ಕಪ್ಪು ಚುಕ್ಕಿ ಬಂದವರನ್ನು ಊರೆಲ್ಲ ಸೇರಿ ಕಲ್ಲು ಹೊಡೆದು ಸಾಯಿಸುತ್ತದೆ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು, ಅಷ್ಟು ಬೇಗ ಮುಗಿಯುವ ಕೆಲಸ.

ಚುಕ್ಕಿ ಬರುವುದು ಟೆಸ್ಸಿ ಹಚಿನ್ಸನ್‌ಗೆ. ಇದು ನ್ಯಾಯ ಅಲ್ಲ ಎಂದು ಕೂಗುತ್ತಾಳೆ. ಬಳಗದ ಅರ್ಧ ಜನ ಅವಳನ್ನು ಊರಿನ ವಿರುದ್ಧ ದನಿ ಎತ್ತಿದ ಒಂಟಿ ಹೆಣ್ಣು ಅಂದರು. ನನಗೆ ಹಾಗೆ ಕಾಣುವುದಿಲ್ಲ. ಅವಳು ಚೌಕಕ್ಕೆ ಬಂದದ್ದು ತಡವಾಗಿ, ನಗುತ್ತಾ. ಇವತ್ತು ಯಾವ ದಿನ ಅನ್ನುವುದೇ ಮರೆತುಹೋಯಿತು, ಪಾತ್ರೆ ಹಾಗೇ ಬಿಟ್ಟು ಬರಲು ಆಗುತ್ತಾ ಅಂತ ತಮಾಷೆ ಮಾಡುತ್ತಾಳೆ. ಗಂಡ ಬಿಲ್‌ನ ಹೆಸರು ಕೂಗಿದಾಗ ಹೋಗಿ ಎತ್ತು ಅಂತ ಅವಳೇ ದೂಡುತ್ತಾಳೆ. ತಮ್ಮ ಮನೆಗೆ ಬಂತು ಅಂತ ಗೊತ್ತಾದ ಮೇಲೆಯೇ ದೂರು ಶುರು. ಆಗಲೂ ಅವಳು ಹೇಳುವುದು ಗಂಡನಿಗೆ ಚೀಟಿ ಆರಿಸಲು ಸಾಕಷ್ಟು ಸಮಯ ಕೊಡಲಿಲ್ಲ ಅಂತ. ಲಾಟರಿಯೇ ಬೇಡ ಅಂತ ಒಂದು ಸಲವೂ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಮದುವೆಯಾದ ಮಗಳು ಈವಾ ಮತ್ತು ಅಳಿಯನನ್ನೂ ಸೇರಿಸಿ ಅಂತ ಕೇಳುತ್ತಾಳೆ. ಚೀಟಿ ಎತ್ತುವ ತಲೆ ಜಾಸ್ತಿಯಾದರೆ ತನಗೆ ಬರುವ ಅಪಾಯ ಕಡಿಮೆ, ಅಷ್ಟೇ ಲೆಕ್ಕ.

ಆ ಚುಕ್ಕಿ ಪಕ್ಕದ ಮನೆಗೆ ಬಂದಿದ್ದರೆ ಟೆಸ್ಸಿಯೂ ಕಲ್ಲು ಎತ್ತುತ್ತಿದ್ದಳು. ಹೌದೋ ಅಲ್ಲವೋ?

ಶರಾವತಿ ತೀರ
ಎತ್ತುತ್ತಿದ್ದಳು, ಒಪ್ಪುತ್ತೇನೆ. ಆದರೆ ಅದರಿಂದ ಅವಳ ಕೂಗು ಸುಳ್ಳಾಗುತ್ತದಾ? ನೋವಾದ ಮೇಲೆ ಬರುವ ಮಾತು ಮಾತಲ್ಲವಾ? ನೀವು ಅವಳಿಂದ ಸಂತರ ನಡತೆ ಕೇಳುತ್ತಿದ್ದೀರಿ.

ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ. ಮನೆಯ ಚೀಟಿ ಎತ್ತುವುದು ಗಂಡಸು. ಡನ್‌ಬಾರ್‌ಗೆ ಕಾಲು ಮುರಿದಿದೆ, ಅವನ ಬದಲು ಹೆಂಡತಿ ಎತ್ತಬೇಕು. ಆಗಲೂ ಸಮ್ಮರ್ಸ್ ದೊಡ್ಡ ಮಗ ಇಲ್ಲವೇ ಅಂತ ಕೇಳುತ್ತಾನೆ. ಹುಡುಗನಿಗೆ ಇನ್ನೂ ಹದಿನಾರೇ ವರ್ಷ ಅಂತ ಅವಳು ಉತ್ತರ ಕೊಡಬೇಕು. ಮುನ್ನೂರು ಜನಕ್ಕೂ ಉತ್ತರ ಗೊತ್ತಿದ್ದ ಪ್ರಶ್ನೆ ಅದು, ಆದರೂ ವಿಧಿ ಪ್ರಕಾರ ಕೇಳಲೇಬೇಕು. ಈವಾ ವಿಷಯಕ್ಕೂ ಸಮ್ಮರ್ಸ್ ಹೇಳುವುದು, ಹೆಣ್ಣುಮಕ್ಕಳು ಗಂಡನ ಮನೆಯವರ ಜೊತೆ ಎತ್ತುತ್ತಾರೆ, ನಿನಗೂ ಗೊತ್ತಲ್ಲ ಅಂತ. ಇಡೀ ಪದ್ಧತಿಯಲ್ಲಿ ಅವಳಿಗೆ ಇದ್ದ ಹಕ್ಕು ಒಂದೇ, ಸಾಯುವ ಹಕ್ಕು. ಅಂಥವಳು ಯಾವ ನೆಲದ ಮೇಲೆ ನಿಂತು ಲಾಟರಿಯೇ ಬೇಡ ಅನ್ನಬೇಕು?

ಕಡಲ ಬದಿ
ಕಲ್ಲು ಹೊಡೆಸಿಕೊಂಡವಳ ಮೇಲೆ ವಿಚಾರಣೆ ಮಾಡುವುದು ಬಿಡಿ ಮಾರಾಯ್ರೆ. ಹೊಡೆದವರ ವಿಷಯ ಮಾತಾಡಿ.

ಮಂಡ್ಯ ಮೇಷ್ಟ್ರು
ಹೊಡೆದವರ ವಿಷಯಕ್ಕೇ ಬರುತ್ತೇನೆ. ಪಿಯುಸಿ ಮಕ್ಕಳಿಗೆ ಈ ಕತೆಯನ್ನು ಗಟ್ಟಿಯಾಗಿ ಓದಿ ಹೇಳಿದ್ದೇನೆ. ಮೊದಲ ಸಲ ಓದುವಾಗ ಎಲ್ಲರೂ ವಾರ್ನರ್ ಎಂಬ ಮುದುಕನನ್ನು ಬೈಯುತ್ತಾರೆ. ಜೂನ್‌ನಲ್ಲಿ ಲಾಟರಿಯಾದರೆ ಜೋಳ ಚೆನ್ನಾಗಿ ಬರುತ್ತದೆ ಎಂದು ಗಾದೆ ಹೇಳುವವನು, ಬಿಡಬೇಕು ಅನ್ನುವವರನ್ನು ಹುಚ್ಚರು ಅನ್ನುವವನು. ಬೈಯಲು ಸುಲಭದ ಮನುಷ್ಯ.

ನಾನು ಮಕ್ಕಳಿಗೆ ಸ್ಟೀವ್ ಆಡಮ್ಸ್ ಹೆಸರಿಗೆ ಗೆರೆ ಹಾಕಿ ಅನ್ನುತ್ತೇನೆ. ಬಡಗಣ ಹಳ್ಳಿಯಲ್ಲಿ ಲಾಟರಿ ಕೈಬಿಡುವ ಮಾತು ನಡೆದಿದೆ ಅಂತ ಊರಲ್ಲಿ ಬಾಯಿ ಬಿಟ್ಟವನು ಅವನು. ಕೆಲವು ಕಡೆ ಆಗಲೇ ಬಿಟ್ಟಿದ್ದಾರೆ ಅಂತ ಅವನ ಹೆಂಡತಿ ಸೇರಿಸುತ್ತಾಳೆ. ಅಂದರೆ ಅನುಮಾನ ಇದ್ದ ಮನೆ ಅದೊಂದೇ. ಈಗ ಕತೆಯ ಕೊನೆಯ ಸಾಲುಗಳಿಗೆ ಹೋಗಿ. ಗುಂಪಿನ ಮುಂದೆ ನಿಂತವನು ಯಾರು? ಸ್ಟೀವ್ ಆಡಮ್ಸ್. ಜಾಕ್ಸನ್ ಒಂದು ಮಾತೂ ವಿವರಿಸುವುದಿಲ್ಲ, ಹೆಸರು ಮಾತ್ರ ಇಟ್ಟು ಸುಮ್ಮನಾಗುತ್ತಾರೆ. ಮಕ್ಕಳು ಅದನ್ನು ತಾವೇ ಕಂಡುಹಿಡಿದಾಗ ತರಗತಿಯಲ್ಲಿ ಉಸಿರಿನ ಸದ್ದೂ ಇರುವುದಿಲ್ಲ.

ಟೆಸ್ಸಿಯ ಮಗಳು ನ್ಯಾನ್ಸಿಯ ಶಾಲೆಯ ಗೆಳತಿಯರು ನೆನಪಿದ್ದಾರಾ? ನ್ಯಾನ್ಸಿಗೆ ಬರದಿರಲಿ ಅಂತ ಅವರಲ್ಲೊಬ್ಬಳು ಪಿಸುಗುಟ್ಟುತ್ತಾಳೆ. ಅವಳ ಮಾತು ಮನಸ್ಸಿನಿಂದ ಬಂದದ್ದೇ. ತಮ್ಮ ಚೀಟಿ ಖಾಲಿ ಅಂತ ಗೊತ್ತಾದ ಕೂಡಲೇ ನ್ಯಾನ್ಸಿ ಮತ್ತು ಅವಳ ಅಣ್ಣ ನಗುತ್ತಾ ಚೀಟಿಯನ್ನು ತಲೆ ಮೇಲೆ ಎತ್ತಿ ಊರಿಗೆ ತೋರಿಸುತ್ತಾರೆ. ಉಳಿದಿರುವುದು ಅಪ್ಪ ಅಥವಾ ಅಮ್ಮ ಅಂತ ಗೊತ್ತಿದ್ದೂ.

ಹುಬ್ಬಳ್ಳಿ ಓದುಗಿ
ಸ್ಟೀವ್ ಆಡಮ್ಸ್ ವಿಷಯ ನಾನು ಗಮನಿಸಿರಲೇ ಇಲ್ಲ ಸರ್. ಈಗಲೇ ಮತ್ತೆ ತೆರೆದು ನೋಡಿದೆ. ಹೌದು, ಮುಂದೆಯೇ ನಿಂತಿದ್ದಾನೆ.

ನನಗೆ ಎದೆಗೆ ಚುಚ್ಚಿದ್ದು ಡೆಲಕ್ರಾ. ಟೆಸ್ಸಿ ಬಂದಾಗ ಪಕ್ಕದಲ್ಲಿ ನಿಂತು ನಕ್ಕು ಮಾತಾಡಿದ ಗೆಳತಿ. ಕೊನೆಗೆ ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ಆರಿಸುತ್ತಾಳೆ. ಡನ್‌ಬಾರ್ ಹೆಂಡತಿಯ ಕೈಯಲ್ಲಿ ಇರುವುದು ಸಣ್ಣ ಕಲ್ಲುಗಳು. ನನಗೆ ಓಡಲು ಆಗುವುದಿಲ್ಲ, ನೀನು ಮುಂದೆ ನಡಿ, ನಾನು ಬರುತ್ತೇನೆ ಅನ್ನುತ್ತಾಳೆ. ಅವಳು ಬೇಕಂತಲೇ ಹಿಂದೆ ಉಳಿದಳು ಅಂತ ನನ್ನ ನಂಬಿಕೆ. ಗಂಡನ ಬದಲು ಚೀಟಿ ಎತ್ತಿ ಬಂದವಳು, ಭಯ ಏನು ಅಂತ ಅವಳಿಗೆ ಗೊತ್ತು.

ಲೆಕ್ಕಿಗ
ಸಣ್ಣ ಕಲ್ಲು ಬಿದ್ದರೂ ಕಲ್ಲೇ ಅಲ್ವಾ ಮೇಡಂ. ಹಿಂದೆ ಉಳಿದಳು ಅಂತ ಟೆಸ್ಸಿ ಬದುಕಿದಳಾ?

ಹುಬ್ಬಳ್ಳಿ ಓದುಗಿ
ಬದುಕಲಿಲ್ಲ. ಆದರೆ ಮುನ್ನೂರು ಜನರಲ್ಲಿ ಒಬ್ಬಳ ಕೈ ಹಿಂಜರಿಯಿತು ಅನ್ನುವುದು ನನಗೆ ಮುಖ್ಯ. ಅದೂ ಇಲ್ಲದಿದ್ದರೆ ಆ ಊರು ಎಂದೂ ಬದಲಾಗಲು ದಾರಿಯೇ ಇಲ್ಲ.

ನ್ಯೂಜೆರ್ಸಿ ಕನ್ನಡತಿ
ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಜಾಕ್ಸನ್ ವರ್ಮಾಂಟ್ ರಾಜ್ಯದ ನಾರ್ತ್ ಬೆನಿಂಗ್ಟನ್ ಎಂಬ ಸಣ್ಣ ಊರಲ್ಲಿ ಇದ್ದರು. ಗಂಡ ಸ್ಟ್ಯಾನ್ಲಿ ಎಡ್ಗರ್ ಹೈಮನ್ ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಸಾಮಾನು ಹೊತ್ತು ಏರು ಹತ್ತುವಾಗ ಈ ಕತೆ ಹೊಳೆಯಿತು ಅಂತ ಅವರೇ ಆಮೇಲೆ ಒಂದು ಭಾಷಣದಲ್ಲಿ ಹೇಳಿದ್ದಾರೆ.

ಕತೆ ಅಚ್ಚಾದ ಮೇಲೆ ಆ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಪತ್ರ ಬಂತು. ಒಳ್ಳೆಯ ಮಾತು ಇದ್ದದ್ದು 13ರಲ್ಲಿ ಮಾತ್ರ, ಅವೂ ಬಹುಪಾಲು ಗೆಳೆಯರವು. ಹೆತ್ತ ತಾಯಿಯೇ ನನಗೂ ನಿನ್ನ ಅಪ್ಪನಿಗೂ ಈ ಕತೆ ಸ್ವಲ್ಪವೂ ಹಿಡಿಸಲಿಲ್ಲ ಅಂತ ಬರೆದರು. ಇದಕ್ಕಿಂತ ಭಯವಾಗುವುದು ಬೇರೆ ಪತ್ರಗಳು. ಈ ಲಾಟರಿ ಎಲ್ಲಿ ನಡೆಯುತ್ತದೆ, ನಾವು ಹೋಗಿ ನೋಡಬಹುದಾ ಅಂತ ಕೇಳಿದವರು! ದಕ್ಷಿಣ ಆಫ್ರಿಕಾ ಸರ್ಕಾರ ಕತೆಯನ್ನು ನಿಷೇಧಿಸಿತು. ಅವರಿಗಾದರೂ ಅರ್ಥವಾಯಿತಲ್ಲ ಅಂತ ಜಾಕ್ಸನ್‌ಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವಷ್ಟೇ ಆಗಿತ್ತು. ಕೆಟ್ಟದ್ದೆಲ್ಲ ಯುರೋಪಿನಲ್ಲಿ ನಡೆಯಿತು ಅಂದುಕೊಂಡಿದ್ದ ಓದುಗರಿಗೆ ಈಕೆ ತಮ್ಮದೇ ಊರಿನ ಅಂಚೆ ಕಚೇರಿಯ ಮುಂದಿನ ಚೌಕ ತೋರಿಸಿದರು. ಸಿಟ್ಟು ಬಾರದೆ ಇರುತ್ತಾ?

ನಿಧಾನ ಓದು
ಮೂಲ ಪ್ರಶ್ನೆಗೆ ಬರೋಣ. ಗುಂಪಿಗೆ ಹೊರಗಾದವನು ಬೇರೆ, ಗುಂಪನ್ನು ಒಪ್ಪದವನು ಬೇರೆ. ಟೆಸ್ಸಿ ಮೊದಲನೆಯ ಗುಂಪು. ಕಾಫ್ಕಾನ 'ಮೆಟಮಾರ್ಫಸಿಸ್' ಕತೆಯ ಗ್ರೆಗರ್ ಸಾಮ್ಸಾ ಕೂಡ. ಅವನು ಯಾವುದನ್ನೂ ಧಿಕ್ಕರಿಸಿದವನಲ್ಲ. ಹುಳವಾಗಿ ಎದ್ದ ಬೆಳಗ್ಗೆಯೂ ಅವನ ಚಿಂತೆ ಐದು ಗಂಟೆಯ ರೈಲು ತಪ್ಪಿತಲ್ಲ ಅಂತ.

ನಿಜವಾಗಿ ಒಪ್ಪದವನು ಬೇಕಿದ್ದರೆ ಹರ್ಮನ್ ಮೆಲ್ವಿಲ್‌ನ ಬಾರ್ಟಲ್‌ಬಿಯನ್ನು ನೋಡಿ. 1853ರ ಕತೆ, ವಾಲ್ ಸ್ಟ್ರೀಟ್‌ನ ವಕೀಲರ ಕಚೇರಿ. ನೂರು ಪದಕ್ಕೆ ನಾಲ್ಕು ಸೆಂಟ್‌ನಂತೆ ದಾಖಲೆ ನಕಲು ಮಾಡುವ ಕೆಲಸ. ಒಂದು ದಿನ ನಕಲನ್ನು ತಾಳೆ ನೋಡಲು ಕರೆದರೆ, ನನಗೆ ಬೇಡ ಅನಿಸುತ್ತದೆ ಅಂತ ಮೆತ್ತಗೆ ಹೇಳುತ್ತಾನೆ. ಕಾರಣ ಹೇಳುವುದಿಲ್ಲ. ಆಮೇಲೆ ನಕಲು ಮಾಡುವುದನ್ನೂ ಬಿಡುತ್ತಾನೆ, ಕಚೇರಿ ಬಿಟ್ಟು ಹೋಗುವುದೂ ಇಲ್ಲ. ಅವನಿಗೆ ಚೀಟಿ ಬರುವ ತನಕ ಕಾಯಬೇಕಾಗಿಲ್ಲ.

ಲೆಕ್ಕಿಗ
ಬಾರ್ಟಲ್‌ಬಿ ನನಗೆ ಇಷ್ಟದ ಕತೆ. ಆದರೆ ನನ್ನ ಕಣ್ಣು ಹೋಗುವುದು ಆ ವಕೀಲನ ಕಡೆ. ಒಳ್ಳೆಯ ಮನುಷ್ಯ. ಹೊಡೆಯಲಿಲ್ಲ, ಬೈಯಲಿಲ್ಲ, ಮನೆಗೆ ಬಾ ಅಂತಲೂ ಕರೆದ. ಕೊನೆಗೆ ಏನು ಮಾಡಿದ? ಬಾರ್ಟಲ್‌ಬಿಯನ್ನು ಹೊರಗೆ ಹಾಕಲು ಮನಸ್ಸು ಬಾರದೆ ತನ್ನ ಕಚೇರಿಯನ್ನೇ ಬೇರೆ ಕಡೆ ಸಾಗಿಸಿದ! ಕಟ್ಟಡದ ಹೊಸ ಬಾಡಿಗೆದಾರ ಬಂದು ಕೇಳಿದರೆ ಅವನು ನನಗೆ ಏನೂ ಅಲ್ಲ ಅಂದ. ಕಟ್ಟಡದ ಮಾಲೀಕ ಪೊಲೀಸರನ್ನು ಕರೆದ, ಬಾರ್ಟಲ್‌ಬಿ ಜೈಲಿಗೆ ಹೋದ, ಊಟ ಬಿಟ್ಟ, ಸತ್ತ. ಈ ವಕೀಲ ಡನ್‌ಬಾರ್ ಹೆಂಡತಿಯ ಅಣ್ಣ ಅನ್ನಿ. ಸಣ್ಣ ಕಲ್ಲಿನವನು.

ಹುಬ್ಬಳ್ಳಿ ಓದುಗಿ
ಬಿಡಲ್ಲ ನೀವು 🙂 ಆ ವಕೀಲ ಜೈಲಿಗೆ ಹೋಗಿ ಊಟಕ್ಕೆ ದುಡ್ಡು ಕೊಟ್ಟು ಬಂದ ಅಂತಲೂ ಹೇಳಿ ಮತ್ತೆ.

ಲೆಕ್ಕಿಗ
ಕೊಟ್ಟ, ಸರಿ. ನನ್ನ ತಕರಾರು ಅದೇ. ದುಡ್ಡು ಕೊಡುವುದು ಅವನಿಗೆ ಸುಲಭ. ಇವನು ನಮ್ಮವನು ಅಂತ ಹೊಸ ಬಾಡಿಗೆದಾರನ ಮುಂದೆ ಹೇಳುವುದು ಕಷ್ಟ.

ಮಾರ್ಗಶಿರ
ಗ್ರೆಗರ್ ಸಾಮ್ಸಾ ಧಿಕ್ಕರಿಸಿದವನಲ್ಲ ಅಂದಿರಿ, ನಿಜ. ಅದೇ ಅಲ್ವಾ ಆ ಕತೆಯ ಸಂಕಟ. ಐದು ವರ್ಷ ಒಂದು ದಿನವೂ ಕಾಯಿಲೆ ಅಂತ ರಜೆ ಹಾಕದವನು. ಒಂದು ರೈಲು ತಪ್ಪಿದ್ದಕ್ಕೆ ಕಚೇರಿಯ ಮೇಲಧಿಕಾರಿ ಮನೆ ಬಾಗಿಲಿಗೇ ಬಂದು, ದುಡ್ಡು ವಸೂಲಿಯಲ್ಲಿ ಏನಾದರೂ ಎಡವಟ್ಟು ಮಾಡಿದ್ದೀಯಾ ಅಂತ ಅಪ್ಪ ಅಮ್ಮನ ಎದುರೇ ಸೂಚಿಸುತ್ತಾನೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ಬೆನ್ನುನೋವಿನಿಂದ ರಜೆ ಹಾಕಿದರು. ಮೊದಲ ವಾರ ಎಲ್ಲರೂ ಫೋನ್ ಮಾಡಿ ವಿಚಾರಿಸಿದರು. ಅವರ ಕೆಲಸ ನಮ್ಮ ಮೇಲೆ ಬೀಳತೊಡಗಿದಾಗ ಮಾತಿನ ಧಾಟಿ ಬದಲಾಯಿತು. ನಿಜವಾಗಿ ನೋವಿದೆಯೋ ಇಲ್ಲವೋ ಅಂತ ಊಟದ ಹೊತ್ತಿಗೆ ಚರ್ಚೆ. ವಾಪಸ್ ಬಂದಾಗ ಊಟದ ಟೇಬಲ್‌ನಲ್ಲಿ ಅವರಿಗೆ ಜಾಗ ಬಿಡಲಿಲ್ಲ. ಯಾರೂ ಕೂರಬೇಡಿ ಅಂತ ಹೇಳಲಿಲ್ಲ, ಕುರ್ಚಿಗಳು ತುಂಬಿದ್ದವು ಅಷ್ಟೇ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಹೋದರು. ಯಾವ ಅಧಿಕಾರಿಯೂ ಆದೇಶ ಕೊಟ್ಟಿರಲಿಲ್ಲ.

ಸಂಜೆ ಬಸ್ಸು
ಕಾಫ್ಕಾ ಪೂರ್ತಿ ನಿರುದ್ಯೋಗಿ, ಯಾರ ಸಂಗವೂ ಇಲ್ಲದೆ ಕೋಣೆಯಲ್ಲೇ ಕೂತು ಬರೆದವನು. ಅದಕ್ಕೇ ಇಷ್ಟು ಕತ್ತಲೆ. ಕೆಲಸಕ್ಕೆ ಹೋಗುವವರ ಕಷ್ಟ ಅವನಿಗೆ ಏನು ಗೊತ್ತು?

ನಿಧಾನ ಓದು
ತಪ್ಪು ಮಾಹಿತಿ. 1908ರಿಂದ 1922ರವರೆಗೆ ಕಾಫ್ಕಾ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಕೆಲಸ ಮಾಡಿದ. ಕಾನೂನು ಓದಿದವನು. ಯಂತ್ರಕ್ಕೆ ಬೆರಳು ಸಿಕ್ಕಿಸಿಕೊಂಡ ಕಾರ್ಮಿಕರ ಕಡತಗಳು ಅವನ ಮೇಜಿನ ಮೇಲೆ ಬರುತ್ತಿದ್ದವು. ಕೆಲಸದಲ್ಲಿ ಬಡ್ತಿಯೂ ಸಿಕ್ಕಿತ್ತು, ಗೆಳೆಯರೂ ಇದ್ದರು. ಮೈ ಕೆಟ್ಟರೆ ಮನುಷ್ಯನ ಬೆಲೆ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಅವನಿಗೆ ದಿನಾ ನೋಡುವ ಕಚೇರಿ ವ್ಯವಹಾರ. 'ಮೆಟಮಾರ್ಫಸಿಸ್' ಬರೆದದ್ದು 1912ರ ಕೊನೆಯಲ್ಲಿ, ಅಚ್ಚಾದದ್ದು 1915ರಲ್ಲಿ. ಎರಡೂ ಆ ಕೆಲಸದಲ್ಲಿ ಇದ್ದಾಗಲೇ.

ಸಂಜೆ ಬಸ್ಸು
ಸರಿ, ಕೆಲಸದಲ್ಲಿದ್ದ. ಆದರೂ ಮನೆಯವರನ್ನು ಅಷ್ಟು ಕ್ರೂರಿಗಳಾಗಿ ತೋರಿಸಿದ್ದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಹೆತ್ತವರು ಹಾಗೆ ಮಾಡುತ್ತಾರಾ?

ಲೆಕ್ಕಿಗ
ಲೆಕ್ಕದ ಮನುಷ್ಯನಾಗಿ ಒಂದು ವಿಷಯ ತೋರಿಸುತ್ತೇನೆ. ಗ್ರೆಗರ್ ಆ ಬೇಡದ ಕೆಲಸದಲ್ಲಿ ಇದ್ದದ್ದು ಅಪ್ಪನ ಸಾಲ ತೀರಿಸಲು. ಅವನು ಹುಳವಾದ ಮೇಲೆ ಅಪ್ಪ ಮನೆಯ ಹಣಕಾಸಿನ ವಿಷಯ ಬಿಚ್ಚುತ್ತಾನೆ. ಹಳೆಯ ವ್ಯಾಪಾರ ಮುಳುಗಿದಾಗ ಸ್ವಲ್ಪ ಹಣ ಉಳಿದಿತ್ತಂತೆ. ಮಗ ತಿಂಗಳು ತಿಂಗಳು ಕೊಟ್ಟ ದುಡ್ಡಿನಲ್ಲೂ ಉಳಿಸಿ ಗಂಟು ಮಾಡಿದ್ದನಂತೆ. ಆ ಹಣ ಕೊಟ್ಟಿದ್ದರೆ ಸಾಲ ಬೇಗ ತೀರುತ್ತಿತ್ತು, ಗ್ರೆಗರ್ ಆ ಕೆಲಸ ಬಿಡಬಹುದಿತ್ತು. ಬಾಗಿಲ ಹಿಂದೆ ನಿಂತು ಇದನ್ನು ಕೇಳಿಸಿಕೊಂಡ ಗ್ರೆಗರ್‌ಗೆ ಸಿಟ್ಟು ಬರುತ್ತದಾ? ಇಲ್ಲ. ಅಪ್ಪ ಎಷ್ಟು ಮುಂದಾಲೋಚನೆ ಮಾಡಿದ್ದಾರೆ ಅಂತ ಖುಷಿಪಡುತ್ತಾನೆ. ಅಪ್ಪ ಗ್ರೆಗರ್ ಮೇಲೆ ಸೇಬು ಎಸೆದದ್ದಕ್ಕಿಂತ ಈ ಪುಟ ಓದಿ ನನಗೆ ಹೆಚ್ಚು ಹಿಂಸೆಯಾಯಿತು. ಮನೆಯವರ ಮೇಲೆ ಕಾಫ್ಕಾ ಅತಿ ಮಾಡಿಲ್ಲ. ತಮ್ಮ ಮಟ್ಟಿಗೆ ಅವರು ಮರ್ಯಾದಸ್ಥರೇ.

ಕಡಲ ಬದಿ
ತಂಗಿ ಗ್ರೇಟೆಯೇ ಕೊನೆಗೆ ಇದನ್ನು ತೊಲಗಿಸಲೇಬೇಕು ಅನ್ನುವುದು. ಮೊದಲು ಹಾಲು ತಂದಿಟ್ಟವಳೂ ಅವಳೇ. ಬದಲಾದವನು ಗ್ರೆಗರ್ ಒಬ್ಬನೇ ಅಲ್ಲ.

ಚಳಿಗಾಲದ ಚಹಾ
ಕನ್ನಡದಲ್ಲಿ ಇದೇ ವಸ್ತುವಿಗೆ ಯಶವಂತ ಚಿತ್ತಾಲರ 'ಶಿಕಾರಿ' ಓದಿ. ಮುಂಬೈ, ಕಂಪನಿ, ನಾಗಪ್ಪ. ಇದಕ್ಕೆ ಸರಿಸಾಟಿ.

ನಿಧಾನ ಓದು
'ಶಿಕಾರಿ' ಕಾದಂಬರಿ. ಇಲ್ಲಿ ಸಣ್ಣ ಕತೆಗಳ ಮಾತು ನಡೆದಿದೆ. ಅದಕ್ಕೆ ಬೇರೆ ಎಳೆ ತೆಗೆಯಿರಿ, ಖಂಡಿತ ಬರುತ್ತೇನೆ.

ಮಲೆನಾಡ ಕಡೆಯವನು
ಕನ್ನಡದ್ದೇ ಬೇಕಿದ್ದರೆ ಅನಂತಮೂರ್ತಿಯವರ 'ಘಟಶ್ರಾದ್ಧ' ಇದೆಯಲ್ಲ. ಗಿರೀಶ್ ಕಾಸರವಳ್ಳಿ 1977ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಅವಳನ್ನು ಊರು ಹೊರಗೆ ಹಾಕುತ್ತದೆ. ಬದುಕಿರುವ ಮಗಳಿಗೆ ಹೆತ್ತ ಅಪ್ಪನೇ ಶ್ರಾದ್ಧ ಮಾಡುತ್ತಾರೆ. ಕಲ್ಲು ಇಲ್ಲ, ರಕ್ತ ಇಲ್ಲ, ಮಂತ್ರ ಇದೆ. ಅದನ್ನೆಲ್ಲ ನಾವು ನೋಡುವುದು ನಾಣಿ ಎಂಬ ಹುಡುಗನ ಕಣ್ಣಲ್ಲಿ. 'ಲಾಟರಿ'ಯಲ್ಲಿ ಟೆಸ್ಸಿಯ ಕೊನೆಯ ಮಗ ಪುಟ್ಟ ಡೇವಿಯ ಕೈಗೂ ಯಾರೋ ನಾಲ್ಕು ಹರಳು ಕೊಡುತ್ತಾರೆ, ಅಮ್ಮನಿಗೆ ಹೊಡೆಯಲು. ನಾಣಿಗೆ ಯಾರೂ ಹರಳು ಕೊಡಲಿಲ್ಲ. ಅವನಿಗೆ ಯಮುನಕ್ಕನ ಮೇಲೆ ಪ್ರೀತಿ ಇತ್ತು, ಆದರೆ ಅವಳನ್ನು ಉಳಿಸಲು ಕೈಲಾಗಲಿಲ್ಲ.

ನಮ್ಮ ಅಜ್ಜಿ ಬಹಿಷ್ಕಾರದ ಕತೆ ಹೇಳುತ್ತಿದ್ದರು. ಕೆಳಗಿನ ಕೇರಿಯ ಒಂದು ಮನೆಗೆ ಊರು ಬಹಿಷ್ಕಾರ ಹಾಕಿತ್ತಂತೆ. ಬಾವಿ ನೀರಿಲ್ಲ, ಕ್ಷೌರಕ್ಕೆ ಯಾರೂ ಬರುವುದಿಲ್ಲ, ನಾಟಿಗೆ ಆಳು ಸಿಗುವುದಿಲ್ಲ, ಮನೆಯಲ್ಲಿ ಸಾವಾದರೆ ಹೆಣಕ್ಕೆ ಹೆಗಲು ಕೊಡುವವರಿಲ್ಲ. ಮಾತಾಡಿಸಿದವರಿಗೂ ದಂಡ. ಅಜ್ಜಿಯ ಅತ್ತೆ ಕತ್ತಲಾದ ಮೇಲೆ ಬೇಲಿಯ ಹತ್ತಿರ ಮೊಸರಿನ ಗಿಂಡಿ ಇಟ್ಟು ಬರುತ್ತಿದ್ದರಂತೆ. ಬೆಳಗ್ಗೆ ಎದುರು ಸಿಕ್ಕರೆ ಆ ಮನೆಯವರನ್ನು ನೋಡದ ಹಾಗೆ ಹೋಗುತ್ತಿದ್ದರು. ಹುಬ್ಬಳ್ಳಿಯವರು ಹೇಳಿದ ಡನ್‌ಬಾರ್ ಹೆಂಡತಿ ನನಗೆ ಅರ್ಥವಾಗುವುದು ಹೀಗೆ.

ಶರಾವತಿ ತೀರ
ಮೊಸರು ಇಟ್ಟವರನ್ನು ನಾನು ಸಣ್ಣ ಕಲ್ಲಿನವರು ಅನ್ನಲಾರೆ. ಸಿಕ್ಕಿಬಿದ್ದಿದ್ದರೆ ಆ ಮನೆಗೂ ಬಹಿಷ್ಕಾರ.

ಲೆಕ್ಕಿಗ
ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಹಗಲಲ್ಲಿ ಒಬ್ಬರು ನಿಂತಿದ್ದರೆ ಬಹಿಷ್ಕಾರ ಮುರಿಯುತ್ತಿತ್ತು. ರಾತ್ರಿಯ ಮೊಸರಿನಿಂದ ಆ ಮನೆ ಉಳಿಯಿತು, ಬಹಿಷ್ಕಾರವೂ ಉಳಿಯಿತು.

ಕಡಲ ಬದಿ
ಈಗಲೂ ನಡೆಯುತ್ತದೆ ಇದು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಹಳೇ ಕಾಲದ ಮಾತು ಅಂತ ಯಾರೂ ತಿಳಿಯಬೇಡಿ.

ಮಾರ್ಗಶಿರ
ಹಗಲಲ್ಲಿ ಒಬ್ಬರು ನಿಂತಿದ್ದರೆ ಅಂದಿರಲ್ಲ, ಅದಕ್ಕೆ ಪ್ರಯೋಗದ ಆಧಾರ ಇದೆ. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ ಕಾಲೇಜು ಹುಡುಗರಿಗೆ ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಅಂತ ಕೇಳಿದ. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಸಿದ್ಧಮಾಡಿದವರು, ಬೇಕಂತ ತಪ್ಪು ಹೇಳುವವರು. ಉತ್ತರ ಕಣ್ಣಿಗೆ ಕಾಣುವಷ್ಟು ಸುಲಭ. ಆದರೂ ಸುಮಾರು ಮೂರರಲ್ಲಿ ಒಂದು ಸಲ ಆ ಒಬ್ಬ ಗುಂಪಿನ ತಪ್ಪನ್ನೇ ಹೇಳಿದ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದ ಕೂಡಲೇ ಈ ಪ್ರಮಾಣ ಬಹಳ ಇಳಿಯಿತು. ಮುನ್ನೂರು ಜನರ ಚೌಕದಲ್ಲಿ ಸ್ಟೀವ್ ಆಡಮ್ಸ್ ಕೈಕಟ್ಟಿ ನಿಂತಿದ್ದರೆ?

ನ್ಯೂಜೆರ್ಸಿ ಕನ್ನಡತಿ
ಕತೆಯನ್ನು ಪ್ರಯೋಗಾಲಯಕ್ಕೆ ಒಯ್ಯಬೇಡಿ ಪ್ಲೀಸ್. ಗೆರೆ ಅಳೆಯುವಾಗ ತಪ್ಪು ಹೇಳಿದರೆ ಯಾರೂ ಸಾಯುವುದಿಲ್ಲ. ಇಲ್ಲಿ ಕೈಕಟ್ಟಿ ನಿಂತವನಿಗೇ ಮುಂದಿನ ಕಲ್ಲು ಬೀಳಬಹುದು. ಅಲ್ಲದೆ ಆಶ್‌ನ ಹುಡುಗರಲ್ಲಿ ಕಾಲುಭಾಗ ಒಂದು ಸಲವೂ ಗುಂಪಿನ ಮಾತಿಗೆ ತಲೆಬಾಗಲಿಲ್ಲ, ಅದನ್ನೂ ಹೇಳಬೇಕಿತ್ತು ನೀವು.

ಮಂಡ್ಯ ಮೇಷ್ಟ್ರು
ಎರಡೂ ಇರಲಿ ಮೇಡಂ. ಪ್ರಯೋಗ ಇದ್ದಾಗ ಮಕ್ಕಳು ಇದು ಕಟ್ಟುಕತೆ ಅಂತ ತಳ್ಳಿಹಾಕುವುದಿಲ್ಲ.

ಸಂಜೆ ಬಸ್ಸು
ಒಪ್ಪದವರು ಊರು ಬಿಟ್ಟು ಹೋಗಬಹುದಲ್ಲ? ಉರ್ಸುಲಾ ಲೆ ಗ್ವಿನ್ ಅವರ ಓಮೆಲಾಸ್ ಕತೆಯಲ್ಲಿ (1973) ಹಾಗೇ ಮಾಡುತ್ತಾರೆ. ಇಡೀ ನಗರದ ಸುಖ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ನರಳಾಟದ ಮೇಲೆ ನಿಂತಿದೆ. ಬಹಳ ಜನ ನೋಡುತ್ತಾರೆ, ಅಳುತ್ತಾರೆ, ಒಗ್ಗಿಕೊಳ್ಳುತ್ತಾರೆ. ಕೆಲವರು ಮಾತ್ರ ಒಬ್ಬೊಬ್ಬರಾಗಿ ನಗರ ಬಿಟ್ಟು ನಡೆದುಬಿಡುತ್ತಾರೆ. ನನಗೆ ಅವರ ಮೇಲೆ ಗೌರವ.

ಶರಾವತಿ ತೀರ
ಅವರು ಹೋದ ಮೇಲೆ ಮಗು ಎಲ್ಲಿದೆ? ಅಲ್ಲೇ. ನನಗೆ ಆ ಕತೆ ಓದಿದಾಗಲೆಲ್ಲ ನಡೆದುಹೋದವರ ಮೇಲೂ ಸಿಟ್ಟು ಬರುತ್ತದೆ.

ಪುಸ್ತಕದ ಗೂಡು
ಎಲ್ಲರ ಮಾತೂ ಓದಿದೆ. ಶರಾವತಿಯವರ ಈವಾ ವಾದಕ್ಕೆ ಒಂದು ಉತ್ತರ: ಟೆಸ್ಸಿಗೆ ಹಕ್ಕಿರಲಿಲ್ಲ, ಸರಿ. ಆದರೆ ಹಕ್ಕಿಲ್ಲದ ಇನ್ನೊಬ್ಬಳನ್ನು, ಅದೂ ಸ್ವಂತ ಮಗಳನ್ನು ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಲು ನೋಡಿದಳು. ಆ ಜಾಗದಲ್ಲಿ ನನಗೆ ಜಾಕ್ಸನ್ ಹೇಳುತ್ತಿರುವುದು ಕೇಳಿಸುತ್ತದೆ, ಈ ಪದ್ಧತಿ ತಾಯಿಯನ್ನೂ ಏನು ಮಾಡಿಬಿಡುತ್ತದೆ ನೋಡಿ ಅಂತ. ಅವಳ ಮೇಲೆ ನನಗೆ ಕರುಣೆ ಇದೆ. ಆದರೆ ದಂಗೆ ಎದ್ದವಳು ಅಂತ ಪಟ್ಟ ಕಟ್ಟಿದರೆ ಈ ಕತೆ ಓದುಗರಿಗೆ ತೀರಾ ಸುಲಭವಾಗುತ್ತದೆ. ಎಲ್ಲರೂ ತಮ್ಮನ್ನು ಟೆಸ್ಸಿ ಅಂದುಕೊಂಡು ಪುಸ್ತಕ ಮುಚ್ಚಿಬಿಡುತ್ತಾರೆ.

ಮುಂದಿನ ತಿಂಗಳಿಗೆ ಚೆಕಾಫ್‌ನ ಗವಸಿನೊಳಗಿನ ಮನುಷ್ಯನ ಕತೆ ಇಟ್ಟುಕೊಂಡಿದ್ದೇವೆ, 1898ರದ್ದು. ಗ್ರೀಕ್ ಪಾಠ ಹೇಳುವ ಬೆಲಿಕೋವ್. ಬಿಸಿಲಲ್ಲೂ ಕೊಡೆ, ಗಲೋಶ್ (ಬೂಟಿನ ಮೇಲೆ ಹಾಕುವ ರಬ್ಬರ್ ಹೊದಿಕೆ), ದಪ್ಪ ಕೋಟು. ಏನಾದರೂ ಆಗಿಬಿಟ್ಟರೆ ಅನ್ನುವ ಒಂದೇ ಭಯ. ಇವನು ಒಂಟಿಯೂ ಹೌದು, ಊರಿಗೆಲ್ಲ ನಿಯಮ ಹೇರುವವನೂ ಹೌದು.

ಲೆಕ್ಕಿಗ
ಒಳ್ಳೆಯ ಆಯ್ಕೆ. ಬೆಲಿಕೋವ್‌ಗೆ ಯಾವ ಅಧಿಕಾರವೂ ಇರಲಿಲ್ಲ. ಸುಮ್ನೆ ನಿಟ್ಟುಸಿರು ಬಿಟ್ಟುಕೊಂಡು ಕೂರುತ್ತಿದ್ದ. ಓದಿಕೊಂಡ ಸಹೋದ್ಯೋಗಿಗಳು ಅವನಿಗೆ ಹೆದರಿ ಪೆಟ್ರೋವ್, ಯೆಗೋರೋವ್ ಎಂಬ ಇಬ್ಬರು ಹುಡುಗರಿಗೆ ಅಂಕ ಕಡಿಮೆ ಮಾಡಿದರು, ಕೊನೆಗೆ ಶಾಲೆಯಿಂದಲೇ ತೆಗೆದರು. ಓದುವಾಗ ಆ ಇಬ್ಬರ ಹೆಸರು ಗುರುತು ಹಾಕಿಕೊಳ್ಳಿ. ಕತೆ ಹೇಳುವ ಬುರ್ಕಿನ್ ಕೂಡ ಅದೇ ಶಾಲೆಯ ಮೇಷ್ಟ್ರು, ನಾವು ತೆಗೆದೆವು ಅಂತಲೇ ಹೇಳುತ್ತಾನೆ.

ಮಂಡ್ಯ ಮೇಷ್ಟ್ರು
ಬೆಲಿಕೋವ್ ಒಬ್ಬನ ಮೇಲೆ ಎಲ್ಲ ಹೊರಿಸುವುದನ್ನೂ ಚೆಕಾಫ್ ತಡೆಯುತ್ತಾನೆ. ಅವನನ್ನು ಮಣ್ಣು ಮಾಡಿ ಬಂದಾಗ ಎಲ್ಲರಿಗೂ ಒಳಗೊಳಗೆ ಖುಷಿ. ಒಂದು ವಾರ ಕಳೆಯುವ ಮೊದಲೇ ಊರು ಮೊದಲಿನ ಹಾಗೇ ಬಿಗಿಯಾಗುತ್ತದೆ. ಆ ಬದುಕನ್ನು ಯಾವ ಸುತ್ತೋಲೆಯೂ ಬೇಡ ಅಂದಿರಲಿಲ್ಲ, ಪೂರ್ತಿ ಸರಿ ಅಂತಲೂ ಅಂದಿರಲಿಲ್ಲ.

ಹುಬ್ಬಳ್ಳಿ ಓದುಗಿ
ವಾರೆಂಕಾಳನ್ನು ಮರೆಯಬೇಡಿ. ಸೈಕಲ್ ತುಳಿದು ಹೋಗುವ, ಜೋರಾಗಿ ನಗುವ ಹುಡುಗಿ. ಬೆಲಿಕೋವ್ ಮೆಟ್ಟಿಲಿನಿಂದ ಉರುಳಿದಾಗ ಅವಳು ನಕ್ಕದ್ದೇ ಅವನಿಗೆ ಮುಳುವಾಯಿತು. ಅವಳು ತಪ್ಪು ಮಾಡಿದಳೋ ಇಲ್ಲವೋ, ಮೊದಲು ಅದನ್ನು ತೀರ್ಮಾನಿಸಿ. ನಾನು ಅವಳ ಪರ.